ಅಳಿವೆ ಒಬ್ಬರದು, ಘಟ್ಟದ ಬುಡ ಇನ್ನೊಬ್ಬರದು

ಹೊನ್ನಾವರದಿಂದ ದಕ್ಷಿಣಕ್ಕೆ ಶರಾವತಿ ಸೇತುವೆ ದಾಟಿ, ಕಾಸರಕೋಡು ಕಳೆದು ಹೆದ್ದಾರಿಯಿಂದ ಕಡಲ ಕಡೆಗೆ ತಿರುಗಿದರೆ ಅಪ್ಸರಕೊಂಡ. ಗುಡ್ಡದಿಂದ ಇಳಿದ ತೊರೆ ಚಿಕ್ಕ ಜಲಪಾತವಾಗಿ ಕೊಂಡಕ್ಕೆ ಬೀಳುತ್ತದೆ. ಪಕ್ಕದಲ್ಲಿ ಉಗ್ರನರಸಿಂಹನ ಗುಡಿ, ಪಾಂಡವರು ಇದ್ದು ಹೋದರೆಂದು ಊರವರು ಹೇಳುವ ಗುಹೆಗಳು. ಮೇಲೆ ಹತ್ತಿ ನಿಂತರೆ ಕಾಲಡಿಗೇ ಅರಬ್ಬೀ ಸಮುದ್ರ, ಬೆನ್ನಿಗೆ ಸಾಲುಸಾಲು ಗುಡ್ಡ. ಜನ ಇಲ್ಲಿಗೆ ಜಲಪಾತ ನೋಡಲು, ಸೂರ್ಯಾಸ್ತ ನೋಡಲು ಬರುತ್ತಾರೆ. ಈ ಕರಾವಳಿಯ ಚರಿತ್ರೆ ಹೀಗೇ ಏಕೆ ನಡೆಯಿತು ಎಂದು ತಿಳಿಯಬೇಕಾದವರಿಗೂ ನಿಲ್ಲಲು ಇದು ಒಳ್ಳೆಯ ಜಾಗ. ಗುಡ್ಡಕ್ಕೂ ಕಡಲಿಗೂ ನಡುವೆ ಇರುವ ನೆಲ ಎಷ್ಟು ಕಡಿಮೆ ಎಂಬುದು ಇಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ.

ನೆಲ ಕಡಿಮೆಯಾದಲ್ಲಿ ನದಿಯೇ ಬಾಗಿಲು. ಶರಾವತಿಯ ಅಳಿವೆಯಿಂದ ಒಳನಾಡಿನ ಗೇರುಸೊಪ್ಪೆಯವರೆಗೆ ಸುಮಾರು ಮೂವತ್ತು ಕಿ.ಮೀ. ದೋಣಿ ಸಾಗುತ್ತದೆ. ಅಲ್ಲಿಂದ ಮುಂದೆ ಕಡಿದಾದ ಘಟ್ಟ, ಅದರಾಚೆ ಜೋಗದ ಪ್ರಪಾತ. ಸರಕು ದೋಣಿಯಿಂದಿಳಿದು ಎತ್ತಿನ ಬೆನ್ನೇರಬೇಕಾದದ್ದು ಗೇರುಸೊಪ್ಪೆಯಲ್ಲಿ, ಹಡಗೇರಬೇಕಾದದ್ದು ಹೊನ್ನಾವರದಲ್ಲಿ. ಘಟ್ಟದ ಮೆಣಸು, ಅಡಿಕೆ, ಅಕ್ಕಿ ಕೆಳಗಿಳಿಯುತ್ತಿದ್ದವು. ಅರಬಸ್ಥಾನದ ಕುದುರೆ, ಕರಾವಳಿಯ ಉಪ್ಪು ಮೇಲೇರುತ್ತಿದ್ದವು. ಈ ಎರಡು ತುದಿಗಳನ್ನು ಹಿಡಿದವರು ಯಾರು, ಒಂದನ್ನು ಮಾತ್ರ ಹಿಡಿದು ಸೋತವರು ಯಾರು ಎಂದು ಕೇಳುತ್ತ ಹೋದರೆ, ಬಿಡಿಬಿಡಿಯಾಗಿ ಕಾಣುವ ಈ ಸೀಮೆಯ ಘಟನೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಶುರುವಿನ ಕಾಲ ಮಸುಕು. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಹೇಳುವ ‘ನೌರಾ’ ಎಂಬ ಬಂದರು ಹೊನ್ನಾವರವೇ ಎಂದು ಕೆಲವು ವಿದ್ವಾಂಸರು, ಅದು ಕಣ್ಣೂರು ಎಂದು ಇನ್ನು ಕೆಲವರು ವಾದಿಸಿದ್ದಾರೆ. ಇತ್ಯರ್ಥವಾಗಿಲ್ಲ. ಬನವಾಸಿಯ ಕದಂಬರ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ನೆಲೆಗೊಳಿಸಿದನೆಂಬುದು ಹವ್ಯಕರ ಪರಂಪರೆಯ ಕಥೆ. ಇದನ್ನು ಅಕ್ಷರಶಃ ನಂಬುವ ಇತಿಹಾಸಕಾರರು ಕಡಿಮೆ. ಆದರೂ ಘಟ್ಟದ ಬುಡದ ಕಣಿವೆಗಳಲ್ಲಿ ಅಡಿಕೆ ತೋಟ ಎಬ್ಬಿಸಿ, ಅದರ ನೆರಳಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಕೆಲಸ ಮಧ್ಯಯುಗಕ್ಕಿಂತ ಮುಂಚೆಯೇ ಆರಂಭವಾಗಿರಬೇಕು. ಶಾಸನಗಳು ಈ ಸೀಮೆಯನ್ನು ‘ಹೈವೆ ಐನೂರು’ ಎಂದು ಕರೆಯುತ್ತವೆ. ತೋಟ ಮಾಡಿದವರಿಗಿಂತ ಮೊದಲೂ ಇಲ್ಲಿ ಜನರಿದ್ದರು. ಗಜನಿ ಗದ್ದೆಯ ಸವಳು ನೀರಿನಲ್ಲಿ ಕಗ್ಗ ಭತ್ತ ಬೆಳೆದವರು, ದೋಣಿ ನಡೆಸಿದ ಅಂಬಿಗರು, ಬಲೆ ಬೀಸಿದ ಖಾರ್ವಿಗಳು, ಗುಡ್ಡದಂಚಿನ ಹಾಲಕ್ಕಿ ಒಕ್ಕಲಿಗರು. ಅವರು ಶಾಸನ ಕೆತ್ತಿಸಲಿಲ್ಲ, ಹಾಗಾಗಿ ಅವರ ಆಗಮನಕ್ಕೆ ತಾರೀಖು ಹಾಕಲಾಗದು.

ಹೊನ್ನಾವರ ಮೊದಲ ಬಾರಿ ಸ್ಪಷ್ಟವಾಗಿ ಕಾಣುವುದು 1340ರ ದಶಕದ ಆರಂಭದಲ್ಲಿ, ಮೊರಾಕ್ಕೊದ ಇಬ್ನ್ ಬತೂತನ ಕಣ್ಣಿಂದ. ಅವನು ನೋಡಿದ ‘ಹಿನಾವರ್’ ಅಳಿವೆಯ ಮೇಲಿನ ಸಮೃದ್ಧ ಪಟ್ಟಣ. ಆಳುತ್ತಿದ್ದವನು ಜಮಾಲುದ್ದೀನ್. ಮಲಬಾರಿನವರು ಇವನ ಹಡಗುಗಳಿಗೆ ಹೆದರಿ ಪ್ರತಿವರ್ಷ ಕಪ್ಪ ಕೊಡುತ್ತಿದ್ದರಂತೆ. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು. ಇಂಥದ್ದನ್ನು ತಾನು ಬೇರೆಲ್ಲೂ ಕಾಣಲಿಲ್ಲ ಎಂದು ಅವನು ಬೆರಗಾಗಿ ಬರೆದ. ಹೆಂಗಸರು ಹೊಲಿಯದ ಬಟ್ಟೆ ಉಡುತ್ತಾರೆ, ಮೂಗಿಗೆ ಚಿನ್ನ ಹಾಕುತ್ತಾರೆ, ಕುರಾನನ್ನು ಬಾಯಿಪಾಠ ಹೇಳುತ್ತಾರೆ ಎಂದೂ ಬರೆದ. ದೊರೆಯ ಊಟದ ವರ್ಣನೆಯಂತೂ ನಮ್ಮ ಮನೆಯ ಪಂಕ್ತಿಯೇ: ಮೊದಲು ಅನ್ನ, ಅದಕ್ಕೆ ತುಪ್ಪ, ಹಸಿಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. (ಆ ಮೆಣಸು ಕಾಳುಮೆಣಸಿನ ಹಸಿ ಗೊಂಚಲು. ಇಂದಿನ ಹಸಿಮೆಣಸಿನಕಾಯಿ ಆಗಿನ್ನೂ ಅಮೆರಿಕ ಬಿಟ್ಟು ಬಂದಿರಲಿಲ್ಲ.) ರೊಟ್ಟಿಯ ನಾಡಿನವನಾದ ಅವನು ಹನ್ನೊಂದು ತಿಂಗಳು ರೊಟ್ಟಿ ಮುಟ್ಟದೆ ಅನ್ನ ಉಂಡದ್ದನ್ನೂ ದಾಖಲಿಸಿದ್ದಾನೆ. 52 ಹಡಗುಗಳ ದಂಡಿನೊಂದಿಗೆ ಜಮಾಲುದ್ದೀನ್ ಗೋವೆಯ ಮೇಲೆ ಹೋದಾಗ ಇಬ್ನ್ ಬತೂತನೂ ಜೊತೆಗಿದ್ದ.

ಈ ಸುಲ್ತಾನನ ಮೇಲೆ ‘ಹರ್ಯಬ್’ ಎಂಬ ಹಿಂದೂ ದೊರೆ ಇದ್ದನೆಂಬ ಮಾತು ವಿದ್ವಾಂಸರನ್ನು ಕಾಡಿದೆ. ಹೆಚ್ಚಿನವರು ಅವನನ್ನು ವಿಜಯನಗರದ ಹರಿಹರನೆಂದು ಗುರುತಿಸುತ್ತಾರೆ, ಹೊಯ್ಸಳರ ಕಡೆ ಬೊಟ್ಟು ಮಾಡುವವರೂ ಇದ್ದಾರೆ. ಯಾರೇ ಆಗಿರಲಿ, ವ್ಯವಸ್ಥೆ ಮಾತ್ರ ಗಮನಿಸುವಂಥದ್ದು. ಘಟ್ಟದ ಮೇಲಿನ ದೊಡ್ಡ ಅರಸ ಬಂದರನ್ನು ತಾನೇ ಆಳದೆ, ಕಡಲು ಬಲ್ಲವರ ಕೈಗೆ ಬಿಟ್ಟಿದ್ದ. ಅರಬ್ಬೀ ವರ್ತಕರ ಸಂತತಿಯ ನವಾಯತರು ಭಟ್ಕಳ, ಹೊನ್ನಾವರಗಳಲ್ಲಷ್ಟೇ ಉಳಿಯದೆ ನದಿಯ ಮೇಲ್ದಂಡೆಯ ವಲ್ಕಿ, ಹೆರಂಗಡಿ, ಸಂಶಿ, ಉಪ್ಪೋಣಿಗಳವರೆಗೂ ನೆಲೆ ನಿಂತದ್ದು ಇದೇ ಮೆಣಸಿನ ದಾರಿಯಲ್ಲಿ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದಿಂದ ಮರಳುವಾಗ, 1444ರ ಆರಂಭದಲ್ಲಿ, ಹಡಗು ಹತ್ತಿದ್ದೂ ಹೊನ್ನಾವರದಲ್ಲೇ.

ಈ ಹೊಂದಾಣಿಕೆ ಒಡೆದದ್ದು ಕುದುರೆಗಳಿಗಾಗಿ. ವಿಜಯನಗರಕ್ಕೆ ಬರಬೇಕಾದ ಕುದುರೆಗಳನ್ನು ಭಟ್ಕಳದ ವರ್ತಕರು ಬಹಮನಿಗಳಿಗೆ ಮಾರಿದರೆಂದು 1479ರಲ್ಲಿ ಅಲ್ಲಿನ ಮುಸ್ಲಿಮರನ್ನು ಕೊಲ್ಲಲು ವಿಜಯನಗರದ ದೊರೆ ಆಜ್ಞೆ ಮಾಡಿದನೆಂದು ಪೋರ್ಚುಗೀಸ್ ಚರಿತ್ರಕಾರ ಬಾರುಶ್ ಬರೆಯುತ್ತಾನೆ. ಉಳಿದವರು ಗೋವೆಗೆ ಓಡಿಹೋದರು. ಅವರ ಬೆನ್ನಿಗೆ ಕುದುರೆ ವ್ಯಾಪಾರವೂ ಹೋಯಿತು. ಮುಂದೆ ಬಿಜಾಪುರದ ಕೈಸೇರಿದ ಗೋವೆ ಏಳುತ್ತ ಹೋಯಿತು, ಹೊನ್ನಾವರದವರ ಹೊಟ್ಟೆಯಲ್ಲಿ ಉರಿ ಉಳಿಯಿತು.

ಆ ಉರಿಗೆ ಕೈಕಾಲು ಬಂದಂತೆ ಕಾಣುವವನು ತಿಮ್ಮೋಜ. ಪೋರ್ಚುಗೀಸರು ‘ತಿಮೋಜಾ’ ಎಂದು ಕರೆದ ಈತನನ್ನು ಕಡಲುಗಳ್ಳ ಎಂದವರಿದ್ದಾರೆ, ವಿಜಯನಗರದ ನೌಕಾಪತಿ ಎಂದವರಿದ್ದಾರೆ. ಆ ಕಾಲದ ಕಡಲಿನಲ್ಲಿ ಎರಡಕ್ಕೂ ನಡುವಿನ ಗೆರೆ ತೆಳುವಾಗಿತ್ತು. ಬಿಜಾಪುರಕ್ಕೆ ಹೋಗುವ ಹಡಗುಗಳನ್ನು ಅಡ್ಡಗಟ್ಟುವುದು ಅವನ ಕಸುಬು. 1498ರಲ್ಲಿ ಅಂಜುದೀವ ದ್ವೀಪದ ಬಳಿ ತಂಗಿದ್ದ ವಾಸ್ಕೊ ಡ ಗಾಮನ ಮೇಲೂ ಅವನ ದೋಣಿಗಳು ಹೋಗಿದ್ದವು. ಗಾಮ 1502ರಲ್ಲಿ ಮರಳಿ ಬಂದು ಈ ಕರಾವಳಿಯನ್ನು ಬೆದರಿಸಿ ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೊರಿಸಿದ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಹೊನ್ನಾವರದ ಅಳಿವೆಗೇ ನುಗ್ಗಿ ನಿಂತ ಹಡಗುಗಳಿಗೆ ಬೆಂಕಿ ಇಟ್ಟ. ಆಗ ಸಂಧಾನಕ್ಕೆ ಬಂದವನು ಇದೇ ತಿಮ್ಮೋಜ.

1510ರ ಆರಂಭದಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಬೇರೆ ಗುರಿ ಹಿಡಿದು ಉತ್ತರಕ್ಕೆ ಹೊರಟಿದ್ದಾಗ, ಗೋವೆಯಲ್ಲಿ ಈಗ ಕಾವಲು ಸಡಿಲ, ಅದನ್ನೇ ಹಿಡಿ ಎಂದು ಸಲಹೆ ಕೊಟ್ಟವನೂ ಅವನೇ. ಅಲ್ಬುಕರ್ಕ್ ಕೇಳಿದ. ಗೋವೆ ಸಿಕ್ಕಿತು, ಮೇ ತಿಂಗಳಲ್ಲಿ ಕೈತಪ್ಪಿತು, ಅದೇ ವರ್ಷ ನವೆಂಬರ್ 25ರಂದು ಮತ್ತೆ ಸಿಕ್ಕಿತು. ಎರಡನೆಯ ದಂಡಯಾತ್ರೆಗೆ ಮುನ್ನ ಅಲ್ಬುಕರ್ಕ್ ಹೊನ್ನಾವರಕ್ಕೆ ಬಂದಾಗ ತಿಮ್ಮೋಜ ಗೇರುಸೊಪ್ಪೆ ರಾಣಿಯ ಮಗಳನ್ನು ಮದುವೆಯಾಗುವ ಸಡಗರದಲ್ಲಿದ್ದನೆಂದು ಪೋರ್ಚುಗೀಸ್ ಬರಹಗಳು ಹೇಳುತ್ತವೆ. ಅಳಿವೆಯ ನಾವಿಕನಿಗೂ ಘಟ್ಟದ ಬುಡದ ಅರಸು ಮನೆಗೂ ನೆಂಟಸ್ತಿಕೆ! ನದಿಯ ಎರಡು ತುದಿಗಳು ಕೂಡಿಕೊಳ್ಳುವುದರಲ್ಲಿದ್ದವು. ಕೂಡಿ ಬಾಳಲಿಲ್ಲ. ಗೋವೆಯ ಕಂದಾಯದ ಹೊಣೆ ಹೊತ್ತ ತಿಮ್ಮೋಜ ಬಿಜಾಪುರದ ಸೈನ್ಯದೆದುರು ಸೋತು ವಿಜಯನಗರಕ್ಕೆ ಓಡಿದ, ಅಲ್ಲೇ ತೀರಿಕೊಂಡ.

ಅವನ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಪರಂಗಿಗಳು ದೋಚಿಕೊಂಡು ಹೋಗುವವರು, ಗೋವೆ ಬಿದ್ದರೆ ಹೊನ್ನಾವರ ಏಳುತ್ತದೆ ಎಂದು ಅವನು ನಂಬಿರಬೇಕು. ಅವರು ಹೋಗಲಿಲ್ಲ. ಕುದುರೆ ಹೊತ್ತ ಹಡಗುಗಳೆಲ್ಲ ಗೋವೆಯಲ್ಲೇ ಸುಂಕ ಕಟ್ಟಬೇಕೆಂಬ ಕಟ್ಟಳೆ ಬಂತು. 1542ರಲ್ಲಿ ಅವರ ಗವರ್ನರ್ ಮಾರ್ತಿಂ ಅಫೊನ್ಸೊ ಡ ಸೋಜ ಭಟ್ಕಳವನ್ನು ಸುಟ್ಟ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ನ್ಯಾಯಾಲಯ ಸ್ಥಾಪನೆಯಾದಾಗ, ಅದಕ್ಕೂ ಮೊದಲಿನಿಂದ ದೇವರ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ಬರುತ್ತಿದ್ದ ಸಾರಸ್ವತರ ಮತ್ತು ಇತರ ಕೊಂಕಣಿಗರ ವಲಸೆ ಹೆಚ್ಚಿತು. ಕುಮಟೆ, ಹೊನ್ನಾವರ, ಭಟ್ಕಳದ ಪೇಟೆಗಳಲ್ಲಿ ಇಂದೂ ಕೇಳುವ ಕೊಂಕಣಿಗೆ ಆ ದಿನಗಳ ನೆನಪಿದೆ. ನವಾಯತರ ಮಾತಿನ ತಳಹದಿಯೂ ಕೊಂಕಣಿಯೇ.

ಈಗ ಗೇರುಸೊಪ್ಪೆಗೆ ಬರೋಣ. ಇಲ್ಲಿ ಆಳಿದ ನಗಿರೆಯ ಅರಸರು ಜೈನರು, ವಿಜಯನಗರದ ಸಾಮಂತರು. ಅವರ ದಾಯಾದಿಗಳು ಭಟ್ಕಳದ ಒಳಗಿನ ಹಾಡುವಳ್ಳಿಯಲ್ಲಿ, ಅಂದರೆ ಸಂಗೀತಪುರದಲ್ಲಿ, ಆಳುತ್ತಿದ್ದರು. ಹೆಣ್ಣುಮಕ್ಕಳು ಪಟ್ಟವೇರುವುದು ಈ ಮನೆತನಗಳಲ್ಲಿ ಹೊಸತಲ್ಲ. ಅವರಲ್ಲಿ ಹೆಸರು ಉಳಿದದ್ದು ಚೆನ್ನಭೈರಾದೇವಿಯದು. 1552ರಿಂದ 1606ರವರೆಗೆ 54 ವರ್ಷ ಆಳಿದಳೆಂದು ಸಾಮಾನ್ಯವಾಗಿ ಹೇಳುತ್ತಾರೆ. ಪೋರ್ಚುಗೀಸರ ‘ಮೆಣಸಿನ ರಾಣಿ’ ಈಕೆಯೇ. ಭಟ್ಕಳದ ಭೈರಾದೇವಿ ಮತ್ತು ಗೇರುಸೊಪ್ಪೆಯ ಚೆನ್ನಭೈರಾದೇವಿಯರ ಕಥೆಗಳು ಬೆರೆತಿವೆ, ಇಷ್ಟು ದೀರ್ಘ ಆಳ್ವಿಕೆಯಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಸೇರಿಹೋಗಿರಬಹುದು ಎಂಬ ಅನುಮಾನ ಇದೆ. ಕುಮಟೆ ಬಳಿಯ ಮಿರ್ಜಾನ್ ಕೋಟೆಯನ್ನು ಕಟ್ಟಿಸಿದವಳು ಈಕೆ ಎಂಬ ಮಾತಿಗೂ ಬಿಜಾಪುರದ ಅಧಿಕಾರಿ ಎಂಬ ಪ್ರತಿವಾದವಿದೆ. ಆದರೆ ಮೆಣಸು ಮಾರುವವರ ಕೈ ಮೇಲಾಗಿತ್ತು, ಕೊಳ್ಳುವವರು ಅವರ ಮರ್ಜಿ ಕಾಯುತ್ತಿದ್ದರು ಎಂಬುದರಲ್ಲಿ ಸಂಶಯವಿಲ್ಲ.

1565ರಲ್ಲಿ ತಾಳಿಕೋಟೆಯಲ್ಲಿ ವಿಜಯನಗರ ಬಿತ್ತು. ಸಾಮಂತರ ಬೆನ್ನಿಗಿದ್ದ ದೊಡ್ಡ ನೆರಳು ಸರಿದದ್ದೇ ತಡ, ಪೋರ್ಚುಗೀಸರು ಕೆನರಾ ಬಂದರುಗಳಲ್ಲಿ ಸಾಲಾಗಿ ಕೋಟೆ ಕಟ್ಟತೊಡಗಿದರು. 1568ರಲ್ಲಿ ಮಂಗಳೂರು. 1569ರಲ್ಲಿ ವೈಸರಾಯ್ ಲೂಯಿಶ್ ಡ ಅತಾಯ್ದ ಹೊನ್ನಾವರಕ್ಕೆ ಬಂದು ಪಟ್ಟಣವನ್ನು ಸುಟ್ಟು, ಕೋಟೆ ಹಿಡಿದು, ಕಾವಲು ಇಟ್ಟ. ಮುಂದಿನ ವರ್ಷ ಬಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಗಳು ಒಟ್ಟಾಗಿ ಪೋರ್ಚುಗೀಸರ ಮೇಲೆ ಬಿದ್ದಾಗ ಗೇರುಸೊಪ್ಪೆಯ ರಾಣಿಯೂ ಹೊನ್ನಾವರದ ಕೋಟೆಗೆ ಮುತ್ತಿಗೆ ಹಾಕಿದಳು. ಗೋವೆಯಿಂದ ಕಡಲ ದಾರಿಯಲ್ಲಿ ನೆರವು ಬಂದು ಮುತ್ತಿಗೆ ಒಡೆಯಿತು.

ಅಲ್ಲಿಂದಾಚೆಗಿನ ಮೂರು ದಶಕ ಈ ಕಥೆಯ ನಡುಗಂಬ. ಅಳಿವೆ ಪರಂಗಿಗಳದು, ಘಟ್ಟದ ಬುಡ ರಾಣಿಯದು. ಕೋಟೆಯೊಳಗಿನ ಪೋರ್ಚುಗೀಸರಿಗೆ ಒಂದು ಗೋಣಿ ಮೆಣಸು ಬೇಕಾದರೂ ಅದು ಗೇರುಸೊಪ್ಪೆಯ ಸುಂಕದ ಕಟ್ಟೆ ದಾಟಿಯೇ ಬರಬೇಕು. ರಾಣಿಯ ಮೆಣಸು ಲಿಸ್ಬನ್ನಿನ ದಾರಿ ಹಿಡಿಯಬೇಕಾದರೆ ಆ ಕೋಟೆಯ ತೋಪುಗಳ ಕೆಳಗೇ ಹಾಯಬೇಕು. ಒಬ್ಬರನ್ನೊಬ್ಬರು ಸೋಲಿಸಲಾರರು, ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಜಗಳ, ಒಪ್ಪಂದ, ಮತ್ತೆ ಜಗಳ. ಆ ಸಂಪತ್ತಿನ ಸಾಕ್ಷಿ ಈಗಿನ ನಗರಬಸ್ತಿಕೇರಿಯ ಕಾಡಿನಲ್ಲಿದೆ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿಯ ಕಂಬಗಳನ್ನು ಮುಟ್ಟಿ ನೋಡಿದವರಿಗೆ, ಇಷ್ಟು ಕಲ್ಲಿನ ಕೆಲಸಕ್ಕೆ ಹಣ ಎಲ್ಲಿಂದ ಬಂತೆಂದು ಯಾರೂ ವಿವರಿಸಬೇಕಿಲ್ಲ.

ಗಂಟು ಬಿಚ್ಚಿದವರು ಮೂರನೆಯವರು. ಘಟ್ಟದ ಮೇಲಿನ ಕೆಳದಿ–ಇಕ್ಕೇರಿಯ ನಾಯಕರೂ ಒಂದು ಕಾಲಕ್ಕೆ ವಿಜಯನಗರದ ಸಾಮಂತರೇ. ವೆಂಕಟಪ್ಪ ನಾಯಕ ಸುತ್ತಲ ಪಾಳೆಯಪಟ್ಟುಗಳನ್ನು ಒಂದೊಂದಾಗಿ ನುಂಗುತ್ತ 1606ರ ಸುಮಾರಿಗೆ ಗೇರುಸೊಪ್ಪೆಯನ್ನು ಗೆದ್ದ. ರಾಣಿ ಸೆರೆಯಾಳಾಗಿ ಘಟ್ಟ ಹತ್ತಿದಳು, ಸೆರೆಯಲ್ಲೇ ಕಣ್ಣುಮುಚ್ಚಿದಳು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ದಾರಿಯ ನದಿಯ ಚೆಲುವನ್ನು ಮನಸಾರೆ ಹೊಗಳಿದ. ಗೇರುಸೊಪ್ಪೆಯಲ್ಲಿ ಕಂಡದ್ದು ಮಾತ್ರ ಪಾಳುಬಿದ್ದ ಅರಮನೆ, ಮನೆಗಳ ಜಾಗದಲ್ಲಿ ಎದ್ದ ಮರಗಳು. ರಾಣಿ ಬಿದ್ದು ಇಪ್ಪತ್ತು ವರ್ಷವೂ ಆಗಿರಲಿಲ್ಲ! ರಾಣಿ ಯಾರೋ ಪರದೇಶಿಯನ್ನು ಮೋಹಿಸಿ ಅವನಿಗೆ ರಾಜ್ಯ ಒಪ್ಪಿಸಿದಳು, ಅವನು ತಿರುಗಿಬಿದ್ದ, ನಾಯಕನನ್ನು ಕರೆದ ಎಂದು ಅವನಿಗೆ ಅಲ್ಲಿ ಯಾರೋ ಹೇಳಿದ ಕಥೆ ಅವನ ಪುಸ್ತಕದಲ್ಲಿದೆ. ಸೋತ ರಾಣಿಯ ಬಗ್ಗೆ ಗೆದ್ದವರ ನಾಡಿನಲ್ಲಿ ಹುಟ್ಟುವ ಕಥೆ ಇಂಥದ್ದೇ ಇರುತ್ತದೆ. ದಶಕಗಳ ಕಾಲ ಬಿಜಾಪುರ, ಗೋವೆ, ಇಕ್ಕೇರಿಗಳ ನಡುವೆ ರಾಜ್ಯ ಉಳಿಸಿಕೊಂಡವಳ ಪತನಕ್ಕೆ ಮೋಹದ ಕಾರಣ ಹುಡುಕುವ ಅಗತ್ಯವಿಲ್ಲ. ಘಟ್ಟದ ಮೇಲೂ ಶತ್ರು, ಅಳಿವೆಯಲ್ಲೂ ಶತ್ರು, ಬೆನ್ನಿಗೆ ಸಾಮ್ರಾಜ್ಯವಿಲ್ಲ; ಇಷ್ಟು ಸಾಕು.

ಊರು ಅಷ್ಟು ಬೇಗ ಕಾಡಾದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಕೆಳದಿಯ ನಕ್ಷೆಯಲ್ಲಿದೆ. ನಾಯಕರಿಗೆ ಗೇರುಸೊಪ್ಪೆ ದಾರಿಯಲ್ಲಿನ ಒಂದು ನಿಲ್ದಾಣ ಮಾತ್ರ, ರಾಜಧಾನಿಯಾಗಬೇಕಿರಲಿಲ್ಲ. ಅವರ ಪೇಟೆ ಮೇಲೆ, ಇಕ್ಕೇರಿಯಲ್ಲಿ, ಆಮೇಲೆ ಬಿದನೂರಿನಲ್ಲಿ ಬೆಳೆಯಿತು. ಬಸ್ರೂರು, ಭಟ್ಕಳದಂಥ ಬೇರೆ ಬಂದರುಗಳೂ ಕೈಯಲ್ಲಿದ್ದವು. 1637ರಲ್ಲಿ ಇಂಗ್ಲಿಷ್ ವರ್ತಕರು ಮೆಣಸಿಗಾಗಿ ಬಂದಿಳಿದದ್ದು ಭಟ್ಕಳದಲ್ಲಿ. ಶಿವಪ್ಪ ನಾಯಕ 1650ರ ದಶಕದಲ್ಲಿ ಪೋರ್ಚುಗೀಸರಿಂದ ಹೊನ್ನಾವರದ ಕೋಟೆ ಕಸಿದುಕೊಂಡಾಗ, ಬಹುಕಾಲದ ನಂತರ ಅಳಿವೆಯೂ ಘಟ್ಟದ ಬುಡವೂ ಒಂದೇ ಕೈಗೆ ಬಂದವು. ಆದರೆ ಆ ಕೈ ಇದ್ದದ್ದು ಘಟ್ಟದ ಮೇಲೆ. ಅಳಿವೆಯಾಚೆಯ ನಡುಗಡ್ಡೆಗೆ ಕೆಳದಿಯವರು ಚಿರೆಕಲ್ಲಿನ ಕೋಟೆ ಸುತ್ತಿ ಬಸವರಾಜದುರ್ಗ ಮಾಡಿದರು. ಹೊನ್ನಾವರ ಅಂದಿನಿಂದ ಗಡಿಯ ಕಾವಲು ಊರಾಯಿತು. ತಿಮ್ಮೋಜನ ಕಾಲದ ಒಡೆತನ ಮರಳಿ ಬರಲಿಲ್ಲ.

ಕಾವಲು ಊರಿನ ಹಣೆಬರಹ ಯುದ್ಧ. 1763ರಲ್ಲಿ ಬಿದನೂರು ಹೈದರಾಲಿಯದಾಯಿತು. ಅವನು ಹೊನ್ನಾವರದಲ್ಲಿ ಯುದ್ಧನೌಕೆ ಕಟ್ಟುವ ಕಾರ್ಖಾನೆ ತೆರೆದ. ಈ ಅಳಿವೆಯ ಬೆಲೆ ತಿಳಿದ ಕೊನೆಯ ಅರಸ ಅವನೇ ಎನ್ನಬಹುದು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಬ್ರಿಟಿಷ್ ಸೈನ್ಯ ಹೊನ್ನಾವರವನ್ನು ಹಿಡಿಯಿತು. ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತು. ಕ್ಯಾಪ್ಟನ್ ಟೊರಿಯಾನೊನ ತುಕಡಿ ಹಸಿವು, ರೋಗಗಳ ನಡುವೆ 1784ರ ಮಾರ್ಚಿನ ಮಂಗಳೂರು ಒಪ್ಪಂದದವರೆಗೂ ಕೋಟೆ ಬಿಡಲಿಲ್ಲ. 1801ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಬರೆಯುವುದು ಹೀಗೆ: ಹಿಂದೆ ದೊಡ್ಡ ವ್ಯಾಪಾರದ ಊರು, ಒಪ್ಪಂದದಲ್ಲಿ ಮರಳಿ ಸಿಕ್ಕ ಮೇಲೆ ಟಿಪ್ಪು ಅದನ್ನು ನೆಲಸಮ ಮಾಡಿಸಿದ, ಹೈದರನ ಹಡಗುಗಳ ಅವಶೇಷ ಇನ್ನೂ ಹಿನ್ನೀರಿನಲ್ಲಿವೆ. ಬ್ರಿಟಿಷರಿಗಾಗಿ ದೇಶ ನೋಡಿ ವರದಿ ಬರೆಯಲು ಬಂದವನ ಮಾತಿದು, ಆ ಎಚ್ಚರ ಓದುವವರಿಗಿರಬೇಕು. ಊರು ಹಾಳಾಗಿತ್ತೆಂಬುದಂತೂ ನಿಜ.

1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಥಾಮಸ್ ಮನ್ರೊ ಮೊದಲ ಕಲೆಕ್ಟರನಾದ. ಆಳ್ವಿಕೆಯ ಊರು ಈಗ ಮದ್ರಾಸು. ಮುಂದಿನ ಅರ್ಧ ಶತಮಾನದಲ್ಲಿ ಮೆಣಸಿನ ಜಾಗಕ್ಕೆ ಹತ್ತಿ ಬಂತು, ಹೊನ್ನಾವರದ ಜಾಗಕ್ಕೆ ಕುಮಟೆ. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಹಡಗೇರುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆ ಆ ಹತ್ತಿಯನ್ನು ಕರೆದದ್ದೇ ‘ಕುಮಟಾ’ ಎಂದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಈ ದಾರಿಗೆ ಬಂಗಾರದ ಬೆಲೆ ಬಂತು. ಹತ್ತಿ ವರ್ತಕರಿಗೆ ಕಾರವಾರ ಬಂದರು ಬೇಕಿತ್ತು, ಅದು ಬೊಂಬಾಯಿಯ ಆಡಳಿತದಲ್ಲಿರಬೇಕಿತ್ತು. ಹೀಗೆ 1862ರಲ್ಲಿ ಕೆನರಾದ ಉತ್ತರ ಭಾಗ ಮದ್ರಾಸಿನಿಂದ ಕತ್ತರಿಸಿ ಬೊಂಬಾಯಿಗೆ ಸೇರಿತು. ಭಟ್ಕಳದವರೂ ಕುಂದಾಪುರದವರೂ ಬೇರೆ ಬೇರೆ ಪ್ರೆಸಿಡೆನ್ಸಿಯ ಪ್ರಜೆಗಳಾದರು. ಶಾಲೆಯ ಪಠ್ಯ, ಕಂದಾಯದ ಕ್ರಮ, ಕೋರ್ಟಿನ ಮೇಲ್ಮನವಿ ಎಲ್ಲಕ್ಕೂ ಇವರು ಬೊಂಬಾಯಿಯತ್ತ, ಅವರು ಮದ್ರಾಸಿನತ್ತ ನೋಡಬೇಕಾಯಿತು. 1956ರವರೆಗೂ ಇದೇ ನಡೆಯಿತು. ಆ ಗಡಿ ಹಾಕಿಸಿದ ಹತ್ತಿಯಾದರೂ ನಿಂತಿತೇ? 1880ರ ದಶಕದ ಕೊನೆಗೆ ರೈಲು ಧಾರವಾಡದಿಂದ ನೇರ ಮಾರ್ಮಗೋವೆಗೆ ಇಳಿದಾಗ ಕುಮಟೆ, ಕಾರವಾರಗಳೆರಡೂ ಬರಿದಾದವು. ತಿಮ್ಮೋಜ ಬೀಳಿಸಲು ಹೊರಟಿದ್ದ ಗೋವೆಗೇ ಮತ್ತೊಮ್ಮೆ ಸರಕು ಹೋಯಿತು.

ಇಪ್ಪತ್ತನೆಯ ಶತಮಾನ ನದಿಯ ದಿಕ್ಕನ್ನೇ ಬದಲಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಯಿತು, ಮುಂದೆ ಗೇರುಸೊಪ್ಪೆಯಲ್ಲೂ ಅಣೆಕಟ್ಟು ಎದ್ದಿತು. ಶರಾವತಿಯಿಂದ ಘಟ್ಟ ಹತ್ತುವುದು ಈಗ ವಿದ್ಯುತ್ತು. 1998ರಲ್ಲಿ ಪೂರ್ತಿ ಸಂಚಾರ ಆರಂಭಿಸಿದ ಕೊಂಕಣ ರೈಲ್ವೆ ಹೊನ್ನಾವರದಲ್ಲಿ ಎರಡು ಕಿ.ಮೀ.ಗೂ ಉದ್ದದ ಸೇತುವೆಯಿಂದ ಅಳಿವೆಯನ್ನು ದಾಟುತ್ತದೆ. ಸಾವಿರ ವರ್ಷ ಪೂರ್ವ–ಪಶ್ಚಿಮವಾಗಿ ಹರಿದ ವ್ಯಾಪಾರ ಉತ್ತರ–ದಕ್ಷಿಣವಾಗಿ ಓಡತೊಡಗಿತು. ನದಿ ಈಗ ದಾಟಬೇಕಾದ ಅಡ್ಡಿ, ಹೋಗಬೇಕಾದ ದಾರಿಯಲ್ಲ.

ಅಳಿವೆ ಯಾರದು ಎಂಬ ಜಗಳ ಮಾತ್ರ ನಿಂತಿಲ್ಲ. ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬರಬೇಕೆನ್ನುವವರೂ ಕಡಲಾಮೆ ಮೊಟ್ಟೆಯಿಡುವ ಆ ಮರಳು ತಮ್ಮ ಬದುಕು ಎನ್ನುವ ಮೀನುಗಾರರೂ ವರ್ಷಗಳಿಂದ ಎದುರುಬದುರಾಗಿದ್ದಾರೆ. ಅದೇ ದಂಡೆಯ ಮುಂದಿನ ಕಡಲು, ಅಪ್ಸರಕೊಂಡ–ಮುಗಳಿ ಹೆಸರಿನಲ್ಲಿ, ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮವಾಗಿದೆ. ಬಂದರಿನ ಕಾಗದಪತ್ರ ಸಹಿಯಾಗುವುದು ಬೆಂಗಳೂರಿನಲ್ಲಿ, ಕಾಳುಮೆಣಸಿನ ದರ ನಿಗದಿಯಾಗುವುದು ಕೊಚ್ಚಿಯಲ್ಲಿ. ನಗರಬಸ್ತಿಕೇರಿಯ ಬಸದಿಗೆ ಹೋಗುವವರು ಇಂದೂ ನದಿ ದಾಟಲು ಸೇತುವೆಯ ದಾರಿ ಸುತ್ತುತ್ತಾರೆ, ಇಲ್ಲವೇ ದೋಣಿಯವರನ್ನು ಕೇಳುತ್ತಾರೆ.